ಅರಸೀಕೆರೆಯ ಜಾನ್ಸನ್ ಮತ್ತು ನಾವು ಬರೆದ ‘ಕೇವಲ’

2024ರ ಜೂನ್ 20, ಗುರುವಾರ. ಮಧ್ಯಾಹ್ನ ಊಟದ ಹೊತ್ತಿಗೆ ಡೆಸ್ಕ್‌ನಿಂದ ಫೋನ್ ಬಂತು. ‘ಡೇವಿಡ್ ಜಾನ್ಸನ್ ತೀರಿಹೋಗಿದ್ದಾರೆ, ಕ್ರಿಕೆಟರ್. ಅರಸೀಕೆರೆಯವರಂತೆ. ನಿಮ್ಮ ಜಿಲ್ಲೆ ತಾನೇ? ನಾಲ್ಕು ಪ್ಯಾರಾ ಕಳಿಸಿ.’

ನಾವು ಅಂದರೆ ನಾಲ್ಕು ಜನ. ಒಬ್ಬ ಹಾಸನ, ಒಬ್ಬ ಹೊಳೆನರಸೀಪುರ, ಒಬ್ಬ ಅರಕಲಗೂಡು, ಒಬ್ಬ ಚನ್ನರಾಯಪಟ್ಟಣ. ಒಂದೇ ವರ್ಷ ಡಿಪ್ಲೊಮಾ ಮುಗಿಸಿದವರು. ಬೇರೆ ಬೇರೆ ಪತ್ರಿಕೆ, ಚಾನೆಲ್‌ಗಳಿಗೆ ಬಿಡಿ ಸುದ್ದಿ ಕಳಿಸುತ್ತೇವೆ. ಒಬ್ಬರ ತಾಲ್ಲೂಕಿನಲ್ಲಿ ಏನಾದರೂ ಆದರೆ ಉಳಿದ ಮೂವರಿಗೂ ವಾಟ್ಸಾಪ್‌ನಲ್ಲಿ ಹಾಕುತ್ತೇವೆ. ಅರಸೀಕೆರೆ ನಮ್ಮ ಯಾರ ಭಾಗವೂ ಅಲ್ಲ. ಅಲ್ಲಿ ಬರೆಯುವವರು ಅವತ್ತು ಊರಲ್ಲಿರಲಿಲ್ಲ. ಹಾಗಾಗಿ ಅವರ ಬದಲಿಗೆ ನಮಗೆ ಫೋನ್ ಬಂದಿತ್ತು.

ನಾಲ್ಕೂ ಜನ ಫೋನ್ ಹಿಡಿದು ಕೂತೆವು. ನಮ್ಮ ಹತ್ತಿರ ಏನೂ ಇರಲಿಲ್ಲ. ಜಾವಗಲ್ ಶ್ರೀನಾಥ್ ಬಗ್ಗೆ ಕೇಳಿದ್ದರೆ ನಿದ್ದೆಗಣ್ಣಲ್ಲೂ ಎರಡು ಪುಟ ಬರೆಯುತ್ತಿದ್ದೆವು. ಜಾನ್ಸನ್ ಬಗ್ಗೆ ಒಂದು ಫೋಟೊ ಸಹ ಇರಲಿಲ್ಲ. ಇಂಟರ್ನೆಟ್ ನೋಡಿ ನಾಲ್ಕು ಪ್ಯಾರಾ ಮಾಡಿ ಕಳಿಸಿದೆವು. ಮೊದಲ ಸಾಲು ಹೀಗಿತ್ತು: ಭಾರತದ ಪರ ಕೇವಲ ಎರಡು ಟೆಸ್ಟ್ ಆಡಿದ್ದ ಜಿಲ್ಲೆಯ ಮಾಜಿ ವೇಗದ ಬೌಲರ್ ಡೇವಿಡ್ ಜಾನ್ಸನ್ ನಿಧನರಾಗಿದ್ದಾರೆ.

ಮಾರನೆಯ ದಿನ ಅದು ಹಾಗೇ ಬಂತು. ಚನ್ನರಾಯಪಟ್ಟಣದ ಒಂದು ಟೀ ಅಂಗಡಿಯಲ್ಲಿ ಪೇಪರ್ ಓದುತ್ತಿದ್ದ ಹಿರಿಯರೊಬ್ಬರು ನಮ್ಮವನನ್ನು ಕರೆದು ಕೇಳಿದರು: ‘ಇದು ನೀವೇ ಬರೆದಿದ್ದಾ? ಹಾಸನ ಜಿಲ್ಲೆಯಿಂದ ಎಷ್ಟು ಜನ ಟೆಸ್ಟ್ ಆಡವ್ರೆ ಸ್ವಲ್ಪ ಲೆಕ್ಕ ಹೇಳಪ್ಪ. ಮತ್ತೆ ಈ ಕೇವಲ ಯಾಕೆ?’

ನಮ್ಮವನ ಹತ್ತಿರ ಉತ್ತರ ಇರಲಿಲ್ಲ. ಅವತ್ತು ರಾತ್ರಿ ಗ್ರೂಪಲ್ಲಿ ಇದೇ ಮಾತು. ಆಮೇಲೆ ಬಿಡುವಾದಾಗಲೆಲ್ಲ ಆ ಮನುಷ್ಯನ ಬಗ್ಗೆ ಓದಿದೆವು, ಹಳೆಯ ಸ್ಕೋರ್‌ಕಾರ್ಡ್‌ಗಳನ್ನು ತೆಗೆದು ನೋಡಿದೆವು. ಅವತ್ತು ಬರೆಯಬೇಕಾಗಿದ್ದನ್ನು ಈಗ ಬರೆಯುತ್ತಿದ್ದೇವೆ.

ಸ್ಟೆಪ್ನಿ

ಗಾಡಿ ಇಟ್ಟುಕೊಂಡವರಿಗೆ ಸ್ಟೆಪ್ನಿ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ನಾಲ್ಕು ಚಕ್ರ ಸರಿ ಇರುವವರೆಗೆ ಅದರ ನೆನಪೇ ಬರುವುದಿಲ್ಲ. ಪಂಕ್ಚರ್ ಆದ ರಾತ್ರಿ ಮಾತ್ರ ಅದು ಬೇಕು, ಆಗ ಅದರಲ್ಲಿ ಗಾಳಿ ಇರಲೇಬೇಕು. ಊರು ಮುಟ್ಟಿದ ಮೇಲೆ ಮತ್ತೆ ಡಿಕ್ಕಿಗೆ.

ಆಟದಲ್ಲೂ ಹಾಗೆ ಬದುಕು ಕಳೆಯುವವರಿದ್ದಾರೆ. ಅಮೆರಿಕದಲ್ಲಿ ಫುಟ್‌ಬಾಲ್ ಅಂತ ಒಂದು ಆಟ ಇದೆ. ಹೆಸರು ಅದೇ, ಆದರೆ ಅಲ್ಲಿ ಚೆಂಡನ್ನು ಹೆಚ್ಚಾಗಿ ಕೈಯಲ್ಲೇ ಹಿಡಿದು ಓಡುತ್ತಾರೆ, ಎಸೆಯುತ್ತಾರೆ. ಅದರಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬುವನು ಮುಖ್ಯ. ಚೆಂಡು ಮೊದಲು ಅವನ ಕೈಗೆ ಬರುತ್ತದೆ. ಯಾರಿಗೆ ಕೊಡಬೇಕು, ಎಲ್ಲಿಗೆ ಎಸೆಯಬೇಕು ಅಂತ ನೋಡುವವನು ಅವನೇ. ಒಂದು ಸಲಕ್ಕೆ ಒಬ್ಬನೇ ಆಡಬಹುದು. ಅವನಿಗೆ ಪೆಟ್ಟಾದರೆ ಇರಲಿ ಅಂತ ಇನ್ನೊಬ್ಬನನ್ನು ಸಂಬಳ ಕೊಟ್ಟು ಪಕ್ಕದಲ್ಲಿ ಕೂರಿಸಿರುತ್ತಾರೆ. 1972ರಲ್ಲಿ ಮಯಾಮಿ ಡಾಲ್ಫಿನ್ಸ್ ತಂಡ ಆ ವರ್ಷದ ಎಲ್ಲ ಪಂದ್ಯಗಳನ್ನೂ ಗೆದ್ದಿತು. ಐದನೇ ಪಂದ್ಯದಲ್ಲೇ ಅವರ ಮುಖ್ಯ ಕ್ವಾರ್ಟರ್‌ಬ್ಯಾಕ್ ಬಾಬ್ ಗ್ರೀಸಿಯ ಕಾಲಿಗೆ ಪೆಟ್ಟಾಗಿತ್ತು. ಮುಂದೆ ತಂಡವನ್ನು ನಡೆಸಿದವನು 38 ವರ್ಷದ ಬದಲಿ ಆಟಗಾರ ಅರ್ಲ್ ಮೊರಾಲ್. ಲೀಗ್‌ನ 14 ಪಂದ್ಯಗಳಲ್ಲಿ 9ರಲ್ಲಿ ಮೊದಲಿನಿಂದ ಆಡಿದವನು ಅವನೇ. ಆದರೆ ಕೊನೆಯ ದೊಡ್ಡ ಫೈನಲ್‌ಗೆ ಗ್ರೀಸಿ ವಾಸಿಯಾಗಿ ಬಂದ. ಮೊರಾಲ್ ಮತ್ತೆ ಬೆಂಚಿಗೆ ಹೋಗಿ ಕೂತ.

ಇದನ್ನು ಓದಿದಾಗ ನಮಗೆ ಜಾನ್ಸನ್ ಅರ್ಥವಾದರು.

ಒಂದೇ ತಾಲ್ಲೂಕಿನ ಇಬ್ಬರು

ಬಾಣಾವರದಿಂದ ಹಳೇಬೀಡಿಗೆ ಹೋಗುವ ದಾರಿಯಲ್ಲಿ ಜಾವಗಲ್ ಸಿಗುತ್ತದೆ. ಅರಸೀಕೆರೆ ತಾಲ್ಲೂಕು. ಶ್ರೀನಾಥ್ ಹುಟ್ಟಿ ಬೆಳೆದದ್ದು ಮೈಸೂರಿನಲ್ಲಾದರೂ ಹೆಸರಿನ ಮುಂದೆ ಇರುವುದು ಈ ಊರು. ಅವರಿಂದಾಗಿ ಜಾವಗಲ್ ಹೆಸರು ಇಂಗ್ಲೆಂಡ್, ಆಸ್ಟ್ರೇಲಿಯಾದ ಕಾಮೆಂಟರಿಯವರ ಬಾಯಲ್ಲೂ ಬಂತು. ಬಸ್ಸಿನಲ್ಲಿ ಯಾರಾದರೂ ಹೊರಗಿನವರು ಸಿಕ್ಕಿ ಯಾವ ಜಿಲ್ಲೆ ಅಂತ ಕೇಳಿದರೆ, ಬೇಲೂರು ಹಳೇಬೀಡು ಆದ ಮೇಲೆ ನಾವು ಹೇಳುತ್ತಿದ್ದದ್ದು ಶ್ರೀನಾಥ್ ಹೆಸರು.

ಅದೇ ತಾಲ್ಲೂಕಿನ ಕೇಂದ್ರ, ರೈಲು ಜಂಕ್ಷನ್ ಇರುವ ಅರಸೀಕೆರೆ. ಡೇವಿಡ್ ಜಾನ್ಸನ್ ಹುಟ್ಟಿದ್ದು ಅಲ್ಲಿ, 1971ರ ಅಕ್ಟೋಬರ್ 16ರಂದು. ಶ್ರೀನಾಥ್‌ಗಿಂತ ಎರಡು ವರ್ಷ ಚಿಕ್ಕವರು. ಇಬ್ಬರೂ ಬಲಗೈ ವೇಗದ ಬೌಲರ್‌ಗಳು. ಇಬ್ಬರೂ ಕರ್ನಾಟಕಕ್ಕೆ ಆಡಿದರು, ಇಬ್ಬರೂ ಭಾರತಕ್ಕೆ ಆಡಿದರು.

ಭಾರತದಲ್ಲಿ ವೇಗದ ಬೌಲರ್‌ಗಳೇ ಇಲ್ಲ ಅಂತ ಜನ ಕೊರಗುತ್ತಿದ್ದ ಕಾಲ ಅದು. ಅಂಥ ಹೊತ್ತಿನಲ್ಲಿ ಕರ್ನಾಟಕ ಒಂದರಲ್ಲೇ ಶ್ರೀನಾಥ್, ವೆಂಕಟೇಶ್ ಪ್ರಸಾದ್, ಜಾನ್ಸನ್, ದೊಡ್ಡ ಗಣೇಶ್ ನಾಲ್ವರೂ ಒಟ್ಟಿಗೆ ಇದ್ದರು. ಬೇರೆ ರಾಜ್ಯದಲ್ಲಿ ಹುಟ್ಟಿದ್ದರೆ ಜಾನ್ಸನ್ ಆ ರಾಜ್ಯದ ಮೊದಲ ಬೌಲರ್ ಆಗಿರುತ್ತಿದ್ದರು ಅಂತ ನಮಗೆ ಅನ್ನಿಸುತ್ತದೆ. ಇಲ್ಲಿ ಅವರು ಮೂರನೆಯವರಾದರು.

ಮೂರನೆಯವರಾದರೂ ಕೆಲಸ ಮಾಡಿದರು. 1995-96ರ ರಣಜಿಯಲ್ಲಿ ಕೇರಳದ ಮೇಲೆ ಒಂದೇ ಪಂದ್ಯದಲ್ಲಿ 152 ರನ್ ಕೊಟ್ಟು 10 ವಿಕೆಟ್ ತೆಗೆದರು. 1982-83ರ ನಂತರ ಕರ್ನಾಟಕ ರಣಜಿ ಗೆದ್ದಿರಲಿಲ್ಲ. ಆ ವರ್ಷ ಗೆದ್ದಿತು. ಭಾರತ ತಂಡದ ಆಯ್ಕೆದಾರರು ಜಾನ್ಸನ್ ಹೆಸರನ್ನು ಗಮನಿಸಿದ್ದು ಆ ಋತುವಿನಿಂದಲೇ.

ಶ್ರೀನಾಥ್ ಕೂಡ ಕಾದಿದ್ದರು

ಇದನ್ನು ಶ್ರೀನಾಥ್ ವಿರುದ್ಧ ಬರೆದದ್ದು ಅಂತ ಯಾರೂ ತಿಳಿಯಬಾರದು. ಅವರೂ ಕಾದವರೇ.

1991ರ ಕೊನೆಯಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಅವರು ಮೊದಲ ಟೆಸ್ಟ್ ಆಡಿದರು. ಆದರೆ ಭಾರತದ ನೆಲದಲ್ಲಿ ಮೊದಲ ಟೆಸ್ಟ್ ಆಡಲು 1994ರ ಕೊನೆಯವರೆಗೆ ಕಾಯಬೇಕಾಯಿತು. ಇಲ್ಲಿನ ಪಿಚ್‌ಗಳಲ್ಲಿ ಸ್ಪಿನ್ನರ್‌ಗಳಿಗೇ ಜಾಗ, ಉಳಿದ ವೇಗದ ಜಾಗದಲ್ಲಿ ಕಪಿಲ್ ದೇವ್ ಇದ್ದರು. ಕಪಿಲ್ ವಿಶ್ವದಾಖಲೆಯ ಕಡೆಗೆ ಹೋಗುತ್ತಿದ್ದರು. ಶ್ರೀನಾಥ್ ಮೈದಾನದ ಹೊರಗೆ ಕೂತು ಬೇರೆಯವರಿಗೆ ನೀರು ಕೊಟ್ಟರು. 1994ರಲ್ಲಿ ಕಪಿಲ್ ನಿವೃತ್ತರಾದ ಮೇಲೆ ಬಾಗಿಲು ತೆರೆಯಿತು. ಮುಂದೆ ಅವರು 67 ಟೆಸ್ಟ್‌ಗಳಲ್ಲಿ 236 ವಿಕೆಟ್, 229 ಏಕದಿನ ಪಂದ್ಯಗಳಲ್ಲಿ 315 ವಿಕೆಟ್ ತೆಗೆದರು.

ಕಾಯುವುದು ಒಬ್ಬನಿಗೆ ಮೆಟ್ಟಿಲಾಗುತ್ತದೆ, ಇನ್ನೊಬ್ಬನಿಗೆ ಅದೇ ಮನೆಯಾಗುತ್ತದೆ. ಇಬ್ಬರ ಶ್ರಮದಲ್ಲಿ ವ್ಯತ್ಯಾಸ ಇರಬೇಕು ಅಂತೇನೂ ಇಲ್ಲ. ಹರಿಯಾಣದ ರಾಜಿಂದರ್ ಗೋಯಲ್ ರಣಜಿಯಲ್ಲಿ 637 ವಿಕೆಟ್ ತೆಗೆದರೂ ಒಂದು ಟೆಸ್ಟ್ ಆಡಲಿಲ್ಲ, ಯಾಕೆಂದರೆ ಅವರ ಕಾಲದಲ್ಲಿ ಎಡಗೈ ಸ್ಪಿನ್ನರ್ ಜಾಗದಲ್ಲಿ ಬಿಷನ್ ಸಿಂಗ್ ಬೇಡಿ ಇದ್ದರು. ನಮ್ಮ ಕರ್ನಾಟಕದ ಬಿ. ವಿಜಯಕೃಷ್ಣ ಅವರದೂ ಅದೇ ಕಥೆ. ಪ್ರಸನ್ನ, ಚಂದ್ರಶೇಖರ್ ಜೊತೆಗೆ ಬೌಲ್ ಮಾಡಿ ರಣಜಿ ಗೆಲ್ಲಿಸಿದರು, ಭಾರತದ ಟೋಪಿ ಸಿಗಲಿಲ್ಲ.

ಜಾನ್ಸನ್‌ಗೆ ಟೋಪಿ ಸಿಕ್ಕಿತು. ಹೇಗೆ ಅಂತ ನೋಡಿ.

ಹನ್ನೊಂದು ದಿನ

1996ರ ಅಕ್ಟೋಬರ್ 10. ದೆಹಲಿಯ ಫಿರೋಜ್ ಷಾ ಕೋಟ್ಲಾ. ಭಾರತ ಮತ್ತು ಆಸ್ಟ್ರೇಲಿಯಾ ನಡುವೆ ಒಂದೇ ಒಂದು ಟೆಸ್ಟ್. ಇವತ್ತು ಎಲ್ಲರಿಗೂ ಗೊತ್ತಿರುವ ಬಾರ್ಡರ್-ಗಾವಸ್ಕರ್ ಟ್ರೋಫಿ ಶುರುವಾಗಿದ್ದು ಆ ಪಂದ್ಯದಿಂದ. ಸಚಿನ್ ತೆಂಡೂಲ್ಕರ್ ಕ್ಯಾಪ್ಟನ್ ಆಗಿ ಆಡಿದ ಮೊದಲ ಟೆಸ್ಟ್ ಕೂಡ ಅದೇ.

ಶ್ರೀನಾಥ್‌ಗೆ ಗಾಯವಾಗಿತ್ತು. ಅವರ ಜಾಗಕ್ಕೆ ಜಾನ್ಸನ್ ಬಂದರು. ಹನ್ನೊಂದು ಜನರಲ್ಲಿ ದ್ರಾವಿಡ್, ಸುನಿಲ್ ಜೋಶಿ, ಕುಂಬ್ಳೆ, ಪ್ರಸಾದ್, ಜಾನ್ಸನ್ ಸೇರಿ ಐವರು ಕರ್ನಾಟಕದವರು.

ಪಂದ್ಯ ಸ್ಪಿನ್ನರ್‌ಗಳದ್ದಾಯಿತು. ಮೊದಲ ಇನಿಂಗ್ಸ್‌ನಲ್ಲಿ ಜಾನ್ಸನ್‌ಗೆ ಸಿಕ್ಕಿದ್ದು ನಾಲ್ಕೇ ಓವರ್. ಆಸ್ಟ್ರೇಲಿಯಾ 182ಕ್ಕೆ ಮುಗಿಯಿತು. ನಯನ್ ಮೊಂಗಿಯಾ 152 ಹೊಡೆದು ಭಾರತ 361 ಮಾಡಿತು. ಎರಡನೇ ಇನಿಂಗ್ಸ್ ಶುರುವಾಯಿತು. ಮೈಕಲ್ ಸ್ಲೇಟರ್ ಆಗ ಪ್ರಪಂಚದ ಅಪಾಯಕಾರಿ ಓಪನರ್‌ಗಳಲ್ಲಿ ಒಬ್ಬ. ಜಾನ್ಸನ್ ಎಸೆದ ಚೆಂಡು ಅವನ ಬ್ಯಾಟಿನ ಅಂಚಿಗೆ ತಾಗಿ ಸ್ಲಿಪ್‌ಗೆ ಹೋಯಿತು. ಅಜರುದ್ದೀನ್ ಹಾರಿ ಹಿಡಿದರು. ಸ್ಲೇಟರ್ ಸೊನ್ನೆಗೆ ಔಟ್. ಅದು ಜಾನ್ಸನ್ ಅವರ ಮೊದಲ ಟೆಸ್ಟ್ ವಿಕೆಟ್. ಕುಂಬ್ಳೆ ಎರಡೂ ಇನಿಂಗ್ಸ್ ಸೇರಿ 9 ವಿಕೆಟ್ ತೆಗೆದರು, ಭಾರತ 7 ವಿಕೆಟ್‌ಗಳಿಂದ ಗೆದ್ದಿತು. ನಾಲ್ಕೇ ದಿನಕ್ಕೆ ಆಟ ಮುಗಿಯಿತು.

ಚನ್ನರಾಯಪಟ್ಟಣದ ಆ ಹಿರಿಯರಿಗೆ ಈ ಕ್ಯಾಚ್ ನೆನಪಿತ್ತು. ‘ಅಜರ್ ಹಿಡಿದಿದ್ದು ಗೊತ್ತು. ಬೌಲರ್ ಯಾರು ಅಂತ ನಾನೂ ಮರೆತಿದ್ದೆ. ನಿಮ್ಮ ಪೇಪರ್ ಓದಿದ ಮೇಲೆ ಮೊಮ್ಮಗನ ಕೈಲಿ ಮೊಬೈಲಲ್ಲಿ ಹುಡುಕಿಸಿದೆ’ ಅಂದರು. ನಮ್ಮನ್ನು ಬೈದವರೇ ತಮ್ಮ ಮರೆವನ್ನೂ ಒಪ್ಪಿಕೊಂಡರು.

ಪಂದ್ಯ ಶುರುವಾದ ಹನ್ನೊಂದನೇ ದಿನಕ್ಕೆ, ಅಕ್ಟೋಬರ್ 21ರಂದು, ಬೆಂಗಳೂರಿನ ಚಿನ್ನಸ್ವಾಮಿ ಮೈದಾನದಲ್ಲಿ ಟೈಟನ್ ಕಪ್ ಪಂದ್ಯ. ಎದುರಾಳಿ ಅದೇ ಆಸ್ಟ್ರೇಲಿಯಾ. ಈ ಪಂದ್ಯ ಮಾತ್ರ ನಮಗೆ ಚೆನ್ನಾಗಿ ನೆನಪಿದೆ. ನಮ್ಮಲ್ಲಿ ಹಿರಿಯವನಿಗೆ ಆಗ ಒಂಬತ್ತು ವರ್ಷ. ಅರಕಲಗೂಡು ಕಡೆಯ ಅವನ ಊರಲ್ಲಿ ಟಿವಿ ಇದ್ದದ್ದು ಮೂರು ಮನೆಯಲ್ಲಿ, ಅವತ್ತು ಆ ಮೂರೂ ಮನೆಯ ಜಗಲಿಯಲ್ಲಿ ಕಾಲಿಡಲು ಜಾಗ ಇರಲಿಲ್ಲವಂತೆ. ಎಂಟು ವಿಕೆಟ್ ಬಿದ್ದಿತ್ತು, ಸಚಿನ್ ಔಟಾಗಿದ್ದರು, ಇನ್ನೂ ಐವತ್ತಕ್ಕೂ ಹೆಚ್ಚು ರನ್ ಬೇಕಿತ್ತು. ಶ್ರೀನಾಥ್ ಮತ್ತು ಕುಂಬ್ಳೆ ಬ್ಯಾಟ್ ಹಿಡಿದು ಗೆಲ್ಲಿಸಿಬಿಟ್ಟರು. ಇಬ್ಬರ ಅಮ್ಮಂದಿರೂ ಗ್ಯಾಲರಿಯಲ್ಲಿ ಕೂತು ನೋಡಿದ್ದರು. ಆ ರಾತ್ರಿ ಊರೂರಲ್ಲಿ ಪಟಾಕಿ.

ನಾವೂ ಆ ಖುಷಿಯಲ್ಲಿ ಇದ್ದವರೇ. ಆದರೆ ಈಗ ದಿನ ಎಣಿಸಿ ನೋಡಿದಾಗ ಬೇರೆಯದೂ ಕಾಣಿಸಿತು. ಶ್ರೀನಾಥ್ ವಾಸಿಯಾಗಿ ಬಂದಿದ್ದರು. ಹತ್ತನೇ ತಾರೀಖು ತೆರೆದಿದ್ದ ಬಾಗಿಲು ಇಪ್ಪತ್ತೊಂದಕ್ಕೆ ಮುಚ್ಚಿತ್ತು. ನಾವೆಲ್ಲ ಪಟಾಕಿ ಹೊಡೆಯುತ್ತಿದ್ದಾಗ ಅರಸೀಕೆರೆಯ ಹುಡುಗ ಮತ್ತೆ ಡಿಕ್ಕಿಗೆ ಹೋಗಿದ್ದ.

ಮುಂದಿನ ತಿಂಗಳಿಂದ ದಕ್ಷಿಣ ಆಫ್ರಿಕಾ ಭಾರತದಲ್ಲಿ ಮೂರು ಟೆಸ್ಟ್ ಆಡಿತು. ಅಹಮದಾಬಾದಿನಲ್ಲಿ ಶ್ರೀನಾಥ್ 21 ರನ್ ಕೊಟ್ಟು 6 ವಿಕೆಟ್ ತೆಗೆದು ಗೆಲ್ಲಿಸಿದರು. ಜಾನ್ಸನ್ ಮೂರರಲ್ಲಿ ಒಂದನ್ನೂ ಆಡಲಿಲ್ಲ.

ಡರ್ಬನ್

1996ರ ಡಿಸೆಂಬರ್ 26, ದಕ್ಷಿಣ ಆಫ್ರಿಕಾದ ಡರ್ಬನ್. ವೇಗಕ್ಕೆ ಹೇಳಿ ಮಾಡಿಸಿದ ಪಿಚ್. ಭಾರತ ಮೂವರು ವೇಗದ ಬೌಲರ್‌ಗಳನ್ನು ಇಳಿಸಿತು: ಶ್ರೀನಾಥ್, ಪ್ರಸಾದ್, ಜಾನ್ಸನ್. ಮೂವರೂ ಕರ್ನಾಟಕದವರು. ಅದರಲ್ಲಿ ಇಬ್ಬರ ಊರು ನಮ್ಮ ಅರಸೀಕೆರೆ ತಾಲ್ಲೂಕು.

ಈ ಸಾಲನ್ನು ಬರೆದು ನಾವು ಸ್ವಲ್ಪ ಹೊತ್ತು ಸುಮ್ಮನಾದೆವು. ಭಾರತದ ಟೆಸ್ಟ್ ತಂಡದಲ್ಲಿ ಒಂದೇ ದಿನ, ಒಂದೇ ಚೆಂಡನ್ನು, ಒಂದೇ ತಾಲ್ಲೂಕಿನ ಇಬ್ಬರು ವೇಗಿಗಳು ಹಿಡಿದಿದ್ದರು. ಹಾಸನದ ಪತ್ರಕರ್ತರಾದ ನಮಗೆ ಇದು 2024ರವರೆಗೆ ಗೊತ್ತಿರಲಿಲ್ಲ.

ಜಾನ್ಸನ್ ಮೊದಲ ಇನಿಂಗ್ಸ್‌ನಲ್ಲಿ 52 ರನ್ ಕೊಟ್ಟು 2 ವಿಕೆಟ್ ತೆಗೆದರು. ಹರ್ಷೆಲ್ ಗಿಬ್ಸ್ ಮತ್ತು ಬ್ರಯಾನ್ ಮೆಕ್‌ಮಿಲನ್. ಪ್ರಸಾದ್ ಎರಡೂ ಇನಿಂಗ್ಸ್‌ನಲ್ಲಿ ಐದೈದು ವಿಕೆಟ್ ತೆಗೆದರು. ಬೌಲರ್‌ಗಳು ತಮ್ಮ ಕೆಲಸ ಮಾಡಿದ್ದರು, ಬ್ಯಾಟಿಂಗ್ ಕುಸಿಯಿತು. ಭಾರತ 100ಕ್ಕೆ ಒಮ್ಮೆ, 66ಕ್ಕೆ ಇನ್ನೊಮ್ಮೆ ಆಲೌಟ್. 328 ರನ್‌ಗಳ ಸೋಲು, ಮೂರೇ ದಿನದಲ್ಲಿ.

ಸೋತ ತಂಡದಲ್ಲಿ ಬದಲಾವಣೆ ಆಗಲೇಬೇಕು. ಬದಲಾವಣೆ ಯಾವಾಗಲೂ ಬದಲಿಯವನಿಂದಲೇ ಶುರುವಾಗುತ್ತದೆ. ಜನವರಿ 2ಕ್ಕೆ ಕೇಪ್‌ಟೌನ್ ಟೆಸ್ಟ್‌ನಲ್ಲಿ ಮೂರನೇ ವೇಗಿಯಾಗಿ ದೊಡ್ಡ ಗಣೇಶ್ ಇಳಿದರು. ಅವರಿಗೂ ಅದು ಮೊದಲ ಟೆಸ್ಟ್. ಗಣೇಶ್ ಮತ್ತು ಜಾನ್ಸನ್ ಬೆಂಗಳೂರಿನಲ್ಲಿ ಟೆನಿಸ್ ಬಾಲ್ ಆಡುತ್ತಿದ್ದ ದಿನಗಳಿಂದ ಒಂದೇ ಕ್ಲಬ್‌ನ ಗೆಳೆಯರು. ಜಾನ್ಸನ್ ತೀರಿಕೊಂಡ ದಿನ ಗಣೇಶ್ ಅದನ್ನೇ ನೆನೆದು ಸಂಕಟಪಟ್ಟಿದ್ದರು. ಗೆಳೆಯನ ಜಾಗಕ್ಕೆ ಗೆಳೆಯ ಬಂದದ್ದು. ದೂರಲು ಯಾರೂ ಇಲ್ಲ.

1997ರ ಆರಂಭದಲ್ಲಿ ಶ್ರೀನಾಥ್ ಭುಜಕ್ಕೆ ದೊಡ್ಡ ಗಾಯವಾಗಿ ವೆಸ್ಟ್ ಇಂಡೀಸ್ ಪ್ರವಾಸ ತಪ್ಪಿತು. ಈ ಸಲ ಬಾಗಿಲು ಹೆಚ್ಚು ದಿನ ತೆರೆದಿತ್ತು. ಆದರೆ ಅದರೊಳಗೆ ಹೋದವರು ಗಣೇಶ್ ಮತ್ತು ಮುಂಬೈನ ಅಬೆ ಕುರುವಿಲ್ಲಾ. ಜಾನ್ಸನ್‌ಗೆ ಕರೆ ಬರಲಿಲ್ಲ. ಮತ್ತೆ ಯಾವತ್ತೂ ಬರಲಿಲ್ಲ. ಎರಡು ಟೆಸ್ಟ್, 240 ಎಸೆತ, 3 ವಿಕೆಟ್. ಅಲ್ಲಿಗೆ ಭಾರತದ ಲೆಕ್ಕ ಮುಗಿಯಿತು. ಆಗ ಅವರಿಗೆ 25 ವರ್ಷ.

ಆಮೇಲೆ

ಕರ್ನಾಟಕದ ಲೆಕ್ಕ ಮುಗಿಯಲಿಲ್ಲ. ಶ್ರೀನಾಥ್, ಪ್ರಸಾದ್ ಭಾರತ ತಂಡದ ಜೊತೆ ಊರೂರು ತಿರುಗುತ್ತಿದ್ದಾಗ ರಾಜ್ಯ ತಂಡಕ್ಕೆ ಬೌಲ್ ಮಾಡುವವರು ಬೇಕಿತ್ತು. ಜಾನ್ಸನ್ 2001-02ರವರೆಗೂ ಪ್ರಥಮ ದರ್ಜೆ ಕ್ರಿಕೆಟ್ ಆಡಿದರು. 39 ಪಂದ್ಯಗಳಲ್ಲಿ 125 ವಿಕೆಟ್. ಆ ನಡುವೆ 1997-98, 1998-99ರಲ್ಲಿ ಕರ್ನಾಟಕ ಸತತ ಎರಡು ವರ್ಷ ರಣಜಿ ಗೆದ್ದಿತು.

ಇವತ್ತಿನ ಹುಡುಗರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ಆಗ ಐಪಿಎಲ್ ಇರಲಿಲ್ಲ, ಅದು ಬಂದದ್ದು 2008ಕ್ಕೆ. ಬಿಸಿಸಿಐ ವರ್ಷದ ಗುತ್ತಿಗೆ ಕೊಡುವುದೂ ಆಗ ಶುರುವಾಗಿರಲಿಲ್ಲ. ಪಂದ್ಯ ಆಡಿದರೆ ದುಡ್ಡು, ಇಲ್ಲದಿದ್ದರೆ ಇಲ್ಲ. ಇವತ್ತು ಐಪಿಎಲ್ ತಂಡದಲ್ಲಿ ಒಂದೂ ಪಂದ್ಯ ಆಡದೆ ಎರಡು ತಿಂಗಳು ಬೆಂಚಿನಲ್ಲಿ ಕೂತವನಿಗೂ ಲಕ್ಷಗಳಲ್ಲಿ ಹಣ ಬರುತ್ತದೆ. ಜಾನ್ಸನ್ ಕಾಲದ ಬದಲಿ ಆಟಗಾರನಿಗೆ ಕಾಯುವುದಕ್ಕೆ ಯಾರೂ ಸಂಬಳ ಕೊಡುತ್ತಿರಲಿಲ್ಲ. ಆದರೆ ಕಾಯದೇ ಇದ್ದರೆ ಕರೆ ಬಂದ ದಿನ ಓಡಲು ಆಗುತ್ತಿರಲಿಲ್ಲ. ಬೆಳಗ್ಗೆ ಎದ್ದು ಓಡಬೇಕು, ನೆಟ್ಸ್‌ನಲ್ಲಿ ಬೌಲ್ ಮಾಡಬೇಕು, ಬೆನ್ನು, ಮಂಡಿ, ಭುಜ ನೋಡಿಕೊಳ್ಳಬೇಕು. ವೇಗದ ಬೌಲರ್ ಒಂದು ಚೆಂಡಿಗೆ ಇಪ್ಪತ್ತು ಹೆಜ್ಜೆ ಓಡಿಬಂದು ಮೈಯ ಭಾರವನ್ನೆಲ್ಲ ಒಂದೇ ಕಾಲಿನ ಮೇಲೆ ಹಾಕುತ್ತಾನೆ. ಆಡದ ದಿನವೂ ಆ ಮೈಯನ್ನು ತಯಾರಾಗಿ ಇಟ್ಟುಕೊಳ್ಳುವುದೇ ಅವನ ಉದ್ಯೋಗ.

ಕೊನೆಯ ವರ್ಷಗಳಲ್ಲಿ ಅವರು ಬೆಂಗಳೂರಿನಲ್ಲಿ ಮನೆ ಹತ್ತಿರವೇ ಮಕ್ಕಳಿಗೆ ಕ್ರಿಕೆಟ್ ಕಲಿಸುತ್ತಿದ್ದರು. ಆರೋಗ್ಯ ಚೆನ್ನಾಗಿರಲಿಲ್ಲ. 2024ರ ಜೂನ್ 20ರ ಬೆಳಗ್ಗೆ ವಾಸವಿದ್ದ ಅಪಾರ್ಟ್‌ಮೆಂಟಿನ ಮೇಲಿನ ಮಹಡಿಯಿಂದ ಬಿದ್ದು ತೀರಿಕೊಂಡರು. 52 ವರ್ಷ. ಅದರ ಬಗ್ಗೆ ಊಹೆ ಬರೆಯುವುದು ನಮ್ಮ ಕೆಲಸ ಅಲ್ಲ. ಅನಿಲ್ ಕುಂಬ್ಳೆ ಅವರನ್ನು ‘ಬೆನ್ನಿ’ ಎಂಬ ಅಡ್ಡಹೆಸರಿನಿಂದಲೇ ಕರೆದು ವಿದಾಯ ಹೇಳಿದರು. ಜೊತೆಯಲ್ಲಿ ಆಡಿದವರಿಗೆ ಅವರು ಕೇವಲ ಆಗಿರಲಿಲ್ಲ.

ನಮ್ಮ ಬಯಲಿನಲ್ಲಿ

ಹೊಳೆನರಸೀಪುರದ ಕಡೆ ಭತ್ತ ಕೊಯ್ದಾದ ಮೇಲೆ, ಅರಕಲಗೂಡಿನಲ್ಲಿ ಹೊಗೆಸೊಪ್ಪಿನ ಕೆಲಸ ಮುಗಿದ ಮೇಲೆ, ಚನ್ನರಾಯಪಟ್ಟಣದ ತೆಂಗಿನ ತೋಟಗಳ ಪಕ್ಕದ ಬಯಲಿನಲ್ಲಿ, ಹಾಸನದ ಬಡಾವಣೆಗಳ ಖಾಲಿ ಸೈಟುಗಳಲ್ಲಿ ಟೆನಿಸ್ ಬಾಲ್ ಟೂರ್ನಿ ನಡೆಯುವುದನ್ನು ನೀವೂ ನೋಡಿದ್ದೀರಿ. ಬಹುಶಃ ಆಡಿದ್ದೀರಿ. ಪ್ರತಿ ತಂಡದಲ್ಲೂ ಒಬ್ಬ ಎಕ್ಸ್‌ಟ್ರಾ ಇರುತ್ತಾನೆ. ಎಂಟ್ರಿ ಫೀಸಿಗೆ ಎಲ್ಲರಷ್ಟೇ ದುಡ್ಡು ಹಾಕಿರುತ್ತಾನೆ. ಲಂಟಾನ ಪೊದೆಗೆ ಹೋದ ಚೆಂಡು ತರುವವನು ಅವನು. ಸ್ಕೋರ್ ಬರೆಯುವವನು, ಲೆಗ್ ಅಂಪೈರ್ ನಿಲ್ಲುವವನು, ಬೈಕಿನ ಕೀ, ಮೊಬೈಲು, ಪರ್ಸು ಎಲ್ಲ ಜೇಬಿನಲ್ಲಿ ತುಂಬಿಕೊಂಡು ಕೂರುವವನು ಅವನು. ಕಪ್ ಗೆದ್ದಾಗ ಫೋಟೊ ತೆಗೆಯುವವನೂ ಅವನೇ, ಹಾಗಾಗಿ ಫೋಟೊದಲ್ಲಿ ಇರುವುದಿಲ್ಲ.

ನಮ್ಮ ಅರಕಲಗೂಡಿನವನು ಮೂರು ವರ್ಷ ಊರಿನ ತಂಡದ ಎಕ್ಸ್‌ಟ್ರಾ ಆಗಿದ್ದ. ಒಮ್ಮೆ ಸೆಮಿಫೈನಲ್ ದಿನ ಮುಖ್ಯ ಬೌಲರ್ ಹಸು ಕರು ಹಾಕಿತು ಅಂತ ಬರಲಿಲ್ಲ. ಇವನನ್ನು ಇಳಿಸಿದರು. ಒಂದು ಓವರ್ ಕೊಟ್ಟರು, 14 ರನ್ ಹೋಯಿತು, ತಂಡ ಸೋತಿತು. ‘ಮೂರು ವರ್ಷ ನೀರು ಕೊಟ್ಟಿದ್ದು ಯಾರಿಗೂ ನೆನಪಿಲ್ಲ, ಆ 14 ರನ್ ಇನ್ನೂ ಹೇಳ್ತಾರೆ’ ಅಂತ ಅವನು ಈಗ ನಗುತ್ತಾನೆ. ಜಾನ್ಸನ್ ಬಗ್ಗೆ ಓದುವಾಗ ನಗಲಿಲ್ಲ.

ನಮ್ಮ ಕೆಲಸವೂ ಇದೇ ಅಲ್ಲವಾ ಅಂತ ಅವತ್ತು ಮಾತಾಡಿಕೊಂಡೆವು. ದಿನಾ ಗ್ರಾಮಸಭೆ, ಆನೆ ದಾಳಿ, ಶುಂಠಿ ರೇಟು ಬರೆಯುವವರು ನಾವು. ಪ್ರಕಟವಾದ ಸುದ್ದಿಗೆ ಇಷ್ಟು ಅಂತ ದುಡ್ಡು. ಜಿಲ್ಲೆಯಲ್ಲಿ ದೊಡ್ಡದೇನಾದರೂ ಆದ ದಿನ ಬೆಂಗಳೂರಿನಿಂದ ಕಾರು ಬರುತ್ತದೆ, ನಾವು ಪಕ್ಕಕ್ಕೆ ನಿಂತು ದಾರಿ ತೋರಿಸುತ್ತೇವೆ. ಯಾರೋ ರಜೆಯಲ್ಲಿದ್ದಾಗ ಮಾತ್ರ ನಮ್ಮ ಫೋನು ರಿಂಗಾಗುತ್ತದೆ. ಇಷ್ಟಾದರೂ ನಮ್ಮಂಥವನೊಬ್ಬನ ಸುದ್ದಿ ಬರೆಯುವ ಸರದಿ ಬಂದಾಗ ನಾವೇ ‘ಕೇವಲ’ ಅಂತ ಬರೆದೆವು. ಡೆಸ್ಕ್‌ನವರು ಸೇರಿಸಿದ್ದಲ್ಲ, ನಮ್ಮ ಬೆರಳೇ ಟೈಪ್ ಮಾಡಿದ್ದು. ಇದು ನಮಗೆ ಇನ್ನೂ ಚುಚ್ಚುತ್ತದೆ.

ಕಪ್ಪು ಪಟ್ಟಿ

ಅದೇ ಜೂನ್ 20ರಂದು ವೆಸ್ಟ್ ಇಂಡೀಸ್‌ನ ಬಾರ್ಬಡೋಸ್‌ನಲ್ಲಿ ಟಿ20 ವಿಶ್ವಕಪ್‌ನ ಪಂದ್ಯ ಇತ್ತು. ಭಾರತ ಮತ್ತು ಅಫ್ಗಾನಿಸ್ತಾನ. ರೋಹಿತ್, ಕೊಹ್ಲಿ, ಬೂಮ್ರಾ ಎಲ್ಲರೂ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಇಳಿದರು. ಡೇವಿಡ್ ಜಾನ್ಸನ್ ನೆನಪಿಗೆ. ರಾತ್ರಿ ಆ ಪಂದ್ಯ ನೋಡಿದ ಎಷ್ಟೋ ಜನ ಯಾರು ಸತ್ತಿದ್ದಾರೆ ಅಂತ ಕೇಳಿರಬಹುದು. ಆಗ ಭಾರತದ ಕೋಚ್ ಆಗಿದ್ದವರು ರಾಹುಲ್ ದ್ರಾವಿಡ್. 1996ರ ಅಕ್ಟೋಬರಿನಲ್ಲಿ ಕೋಟ್ಲಾದಲ್ಲಿ ಜಾನ್ಸನ್ ಜೊತೆ ಆಡಿದ ಅದೇ ದ್ರಾವಿಡ್.

ಒಂಬತ್ತು ದಿನ ಬಿಟ್ಟು, ಜೂನ್ 29ಕ್ಕೆ, ಅದೇ ಮೈದಾನದಲ್ಲಿ ಭಾರತ ವಿಶ್ವಕಪ್ ಗೆದ್ದಿತು. ಹದಿನೈದು ಜನರ ಆ ತಂಡದಲ್ಲಿ ಸಂಜು ಸ್ಯಾಮ್ಸನ್, ಯಶಸ್ವಿ ಜೈಸ್ವಾಲ್, ಯುಜ್ವೇಂದ್ರ ಚಾಹಲ್ ಮೂವರೂ ಟೂರ್ನಿಯಲ್ಲಿ ಒಂದೂ ಪಂದ್ಯ ಆಡಿರಲಿಲ್ಲ. ಅವರ ಕೊರಳಿಗೂ ಪದಕ ಬಂತು. ಅವರೂ ವಿಶ್ವಕಪ್ ಗೆದ್ದವರೇ. ಯಾವ ಪತ್ರಿಕೆಯೂ ಅವರನ್ನು ಕೇವಲ ನೀರು ಕೊಟ್ಟವರು ಅಂತ ಬರೆಯಲಿಲ್ಲ. ಅದು ಸರಿಯಾದದ್ದೇ. ಪ್ರತಿದಿನ ನೆಟ್ಸ್‌ನಲ್ಲಿ ಅವರು ಆಡದಿದ್ದರೆ ಹನ್ನೊಂದು ಜನ ತಯಾರಾಗುತ್ತಿರಲಿಲ್ಲ.

ಅಷ್ಟು ಮರ್ಯಾದೆ ಅರಸೀಕೆರೆಯ ಜಾನ್ಸನ್‌ಗೂ ಸಲ್ಲಬೇಕಿತ್ತು. ಕನಿಷ್ಠ ಸ್ವಂತ ಜಿಲ್ಲೆಯ ನಾಲ್ಕು ಪ್ಯಾರಾದಲ್ಲಿ.

ಹಾಗಾಗಿ ಎರಡು ಕೆಲಸ ಮಾಡುತ್ತಿದ್ದೇವೆ. ಒಂದು, ನಮ್ಮ ನಾಲ್ಕು ತಾಲ್ಲೂಕಿನಲ್ಲಿ ರಾಜ್ಯಕ್ಕೆ, ಜಿಲ್ಲೆಗೆ, ಯೂನಿವರ್ಸಿಟಿಗೆ ಆಡಿ ಬಂದವರ ಪಟ್ಟಿ ಮಾಡುತ್ತಿದ್ದೇವೆ. ಕಬಡ್ಡಿ, ಖೋಖೋ, ವಾಲಿಬಾಲ್, ಓಟ ಯಾವುದಾದರೂ ಸರಿ, ಬದಲಿ ಆಟಗಾರರಾಗಿದ್ದವರೂ ಸರಿ. ನಿಮ್ಮ ಮನೆಯಲ್ಲಿ ಹಳೆ ಫೋಟೊ, ಸರ್ಟಿಫಿಕೇಟು, ಸ್ಕೋರ್ ಪುಸ್ತಕ ಇದ್ದರೆ ಮೊಬೈಲಲ್ಲಿ ಫೋಟೊ ತೆಗೆದಿಡಿ, ನಾವು ಕೇಳಿಕೊಂಡು ಬರುತ್ತೇವೆ. ಅವರು ಇದ್ದಾಗಲೇ ಮಾತಾಡಿಸಬೇಕು ಅಂತ ಈಗ ಬುದ್ಧಿ ಬಂದಿದೆ.

ಎರಡು, ಆ ಮೊದಲ ಸಾಲನ್ನು ತಿದ್ದುತ್ತಿದ್ದೇವೆ. ಅಚ್ಚಾದ ಪೇಪರ್ ತಿದ್ದಲು ಆಗುವುದಿಲ್ಲ, ಇಲ್ಲಿ ಆಗುತ್ತದೆ:

ಭಾರತದ ಪರ ಎರಡು ಟೆಸ್ಟ್ ಆಡಿದ, ಕರ್ನಾಟಕದ ಪರ ಹಲವು ವರ್ಷ ಬೌಲ್ ಮಾಡಿದ, ನಮ್ಮ ಹಾಸನ ಜಿಲ್ಲೆಯ ಅರಸೀಕೆರೆಯಲ್ಲಿ ಹುಟ್ಟಿದ ವೇಗದ ಬೌಲರ್ ಡೇವಿಡ್ ಜಾನ್ಸನ್ 2024ರ ಜೂನ್ 20ರಂದು ನಿಧನರಾದರು. ಕರೆ ಬಂದ ದಿನ ಅವರು ತಯಾರಾಗಿದ್ದರು.